ಬಿಸ್ಕಿಟ್‌ನ ಮೈ ತಡಕುವ ಹೊತ್ತು

ಥೆಲ್ಮಾ ಕ್ರಾಥರ್ಸ್ ಪ್ರಾಯದಲ್ಲಿ ಕುರಿಯ ತುಪ್ಪಳ ತೆಗೆಯುವ ಕೊಟ್ಟಿಗೆಗಳಲ್ಲಿ ಉಣ್ಣೆಯ ದರ್ಜೆ ನೋಡುವ ಕೆಲಸದಲ್ಲಿದ್ದಳು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಒಳ್ಳೆಯದು ಕೆಟ್ಟದ್ದು ಗೊತ್ತಾಗುತ್ತಿತ್ತು. ವಯಸ್ಸಾದ ಮೇಲೆ ಗಂಡ ಕ್ಲೆಮ್‌ನೊಡನೆ ಬೆಲಿಂಜರ್ ಹೊಳೆಯ ದಂಡೆಗೆ ಬಂದಾಗ ಆ ಬೆರಳುಗಳಿಗೆ ಸಿಕ್ಕಿದ್ದು ಬಿಸ್ಕಿಟ್ ಎಂಬ ಪೂಡಲ್ ನಾಯಿಯ ಗುಂಗುರು ಕೂದಲು.

ಅಲ್ಲಿನ ಪೊದೆಗಳಲ್ಲಿ ರಕ್ತ ಹೀರುವ ಉಣುಗುಗಳಿವೆ. ಒಂದು ಕಚ್ಚಿಕೊಂಡರೂ ನಾಯಿಯ ಹಿಂಗಾಲು ಸ್ವಾಧೀನ ತಪ್ಪುತ್ತದೆ, ಆಮೇಲೆ ಉಸಿರಿಗೇ ಸಂಚಕಾರ. ಥೆಲ್ಮಾ ಬಿಸ್ಕಿಟ್‌ಗೆ ತಪ್ಪದೆ ಉಣುಗು ಕೊಲ್ಲುವ ಮಾತ್ರೆ ನುಂಗಿಸುತ್ತಿದ್ದಳು. ಮಾತ್ರೆಯೊಂದನ್ನೇ ನಂಬುವ ಹೆಂಗಸಲ್ಲ ಅವಳು. ದಿನಾ ಸಂಜೆ ಅವನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಿವಿಯೊಳಗೆ, ಗದ್ದದಡಿ, ಕಾಲ್ಬೆರಳ ಸಂದಿಯಲ್ಲೆಲ್ಲ ತಡಕುತ್ತಿದ್ದಳು.

“ಅವನ ಮೈಯಲ್ಲಿ ಚಿನ್ನ ಹುಡುಕ್ತೀಯೇನೇ?” ಎಂದು ಕ್ಲೆಮ್ ಕೆಣಕುತ್ತಿದ್ದ. “ಇಷ್ಟು ವರ್ಷದಲ್ಲಿ ನನ್ನ ತಲೆ ಮೇಲೆ ಒಂದಿನಾದ್ರೂ ಹೀಗೆ ಕೈಯಾಡಿಸಿದ್ದುಂಟಾ?”

“ನಿನ್ನ ತಲೇಲಿ ಕೈಯಾಡಿಸೋಕೆ ಏನು ಉಳಿದಿದೆ?”

ಒಂದು ಭಾನುವಾರ ಬೇಲಿ ಪಕ್ಕದ ಲಂಟಾನ ಪೊದೆ ಸವರಿ ಬಂದ ಕ್ಲೆಮ್ ಕಿವಿಯ ಹಿಂದೆ ಕೆರೆದುಕೊಳ್ಳುತ್ತಲೇ ಇದ್ದ. ಥೆಲ್ಮಾ ನಾಯಿಯನ್ನು ಬಿಟ್ಟು ಅವನ ಕತ್ತು ಬಗ್ಗಿಸಿ ಬೆರಳಿಟ್ಟಳು.

“ಅಲ್ಲಾಡಬೇಡ. ಹೊಟ್ಟೆ ತುಂಬ ಕುಡಿದು ಕೂತಿದೆ.”

ಹಿಂಡಿದರೆ ವಿಷ ಮೈಗಿಳಿಯುತ್ತದೆಂದು ಉಣುಗನ್ನು ಹಿಂಡದೆ, ಹೆಪ್ಪುಗಟ್ಟಿಸುವ ಸ್ಪ್ರೇ ಹೊಡೆದು ಅಲ್ಲೇ ಕೊಂದಳು.

“ಅವನಿಗೆ ಮಾತ್ರೆಯಾದ್ರೂ ಇದೆ,” ಎಂದಳು. “ನಿನಗೆ ಬರೀ ಬಾಯಿ.”

ಮರುದಿನ ಸಂಜೆ ಕ್ಲೆಮ್ ಬಂದು ಮೆಟ್ಟಿಲ ಮೇಲೆ ಬಿಸ್ಕಿಟ್‌ನ ಪಕ್ಕ ಕೂತು ಕತ್ತು ಬಗ್ಗಿಸಿದ.

“ಆ ಕಡೆ ಸರಿ,” ಎಂದಳು ಥೆಲ್ಮಾ. “ಮೊದಲು ಬಂದಿದ್ದು ಬಿಸ್ಕಿಟ್.”