ಮೂರನೆಯ ಹಾಡಿನ ಜಿಗಿತ

ಯರಗಟ್ಟಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಾಂತೇಶನ ಅಂಗಡಿಗೆ ಐದು ವರ್ಷದಿಂದ ಪ್ರತಿ ಭಾನುವಾರ ಸವದತ್ತಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೇನೆ. ಕಾರಣ ಒಂದೇ: ‘ಕಾಪರ್ ಹೆರಾನ್’ ಎಂಬ ಇಂಗ್ಲಿಷ್ ರಾಕ್ ತಂಡ. ಅರವತ್ತೆಂಟರಲ್ಲಿ ಒಂದು ರೆಕಾರ್ಡು, ಮರುವರ್ಷ ಇನ್ನೊಂದು ಮಾಡಿ, ಯಾರೂ ಕೇಳದೆ ಮುಳುಗಿಹೋದವರು. ಎರಡನೆಯ ರೆಕಾರ್ಡು ಹಳೇ ಸಾಮಾನಿನ ಜೊತೆ ಕಾಂತೇಶನಿಗೆ ಸಿಕ್ಕಿತ್ತು. ಮದುವೆಗೆ ಕಳಿಸುವ ಪ್ರತಿ ಸ್ಪೀಕರನ್ನೂ ಅವನು ಅದನ್ನೇ ಹಾಕಿ ಪರೀಕ್ಷಿಸುತ್ತಾನೆ.

ಮೂರನೆಯ ಹಾಡಿನ ನಡುವೆ ಗಿಟಾರು ತಟ್ಟನೆ ಹಿಂದಕ್ಕೆ ಹಾರಿ, ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಮುಂದೆ ಹೋಗುತ್ತಿತ್ತು.

“ಇಂಥಾ ಧೈರ್ಯ ಯಾರಿಗೈತ್ರಿ ಸರ?” ಎಂದು ಕಾಂತೇಶ ಕಣ್ಣು ಮುಚ್ಚುತ್ತಿದ್ದ. ಆ ಜಿಗಿತವನ್ನು ಹೊಗಳಿ ನಾನು ಫೇಸ್‌ಬುಕ್ಕಿನ ಅಭಿಮಾನಿಗಳ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಒಬ್ಬರೂ ಉತ್ತರಿಸಲಿಲ್ಲ. ಅರಸಿಕರು ಎಂದುಕೊಂಡೆ.

ಕಳೆದ ತಿಂಗಳು ಅದೇ ರೆಕಾರ್ಡಿನ ಹೊಸ ಪ್ರತಿ ತರಿಸಿ ಅವನಲ್ಲಿಗೆ ಒಯ್ದೆ. ಜಿಗಿತ ಬರಲೇ ಇಲ್ಲ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದರೆ, ಮೂರನೆಯ ಹಾಡಿನ ಗೆರೆಗಳ ಮೇಲೆ ಒಣಗಿ ಗಟ್ಟಿಯಾದ ಕುಂಕುಮ!

“ದಸರಾದಾಗ ಖಂಡೇಪೂಜಿಗೆ ಅಂಗಡಿ ಸಾಮಾನಿಗೆಲ್ಲಾ ಹಚ್ಚತೇನ್ರಿ,” ಎಂದಳು ಅವನ ಹೆಂಡತಿ ಕಾಡವ್ವ. “ಅದೊಂದನ್ನ ಹೆಂಗ ಬಿಡೂದು?”

ನನಗೆ ಮೈಯೆಲ್ಲ ಉರಿಯಿತು. ಕಾಂತೇಶ ಹೊಸದನ್ನು ಇನ್ನೊಮ್ಮೆ ಪೂರ್ತಿ ಕೇಳಿದ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಹೊಸದರ ಮೂರನೆಯ ಹಾಡಿನ ಜಾಗ ತೋರಿಸಿದ.

“ಕಾಡವ್ವಾ, ಕುಂಕುಮದ ಡಬ್ಬಿ ತಾ. ಇದಕ್ಕೂ ಇಲ್ಲೇ ಹಚ್ಚು.”

ಅವಳ ಬೆರಳು ಇನ್ನೇನು ತಾಗಬೇಕು, ನನಗೆ ತಡೆಯಲಾಗಲಿಲ್ಲ.

“ಇನ್ನೊಂದೀಟು ಒಳಗ ಹಚ್ಚವಾ,” ಎಂದೆ.