ಮುಂಬಯಿಗೆ ಹೋದ ನನ್ನ ರಕ್ತ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮೂರು ಮೊರಬದಲ್ಲೆಲ್ಲ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದವಳು ನಾನೊಬ್ಬಳೇ. ಎರೆಹೊಲಗಳು ಬಾಯಿಬಿಟ್ಟು ಬಿರಿದಿದ್ದವು, ಎಮ್ಮೆಗಳು ನೆರಳು ಬಿಟ್ಟು ಏಳುತ್ತಿರಲಿಲ್ಲ. ನಾನು ಮಾತ್ರ ಚಳಿಯೆಂದು ಬಿಸಿಲು ಹುಡುಕಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ ಗಂಡ, ಅತ್ತೆ, ನಾನು, ಮೂರೇ ಜನ.

ಮುಖ ಊದಿತ್ತು. ಕೈ ದಪ್ಪಗಾಗಿ ಬಳೆ ಏರುತ್ತಿರಲಿಲ್ಲ. ಕೂದಲು ಬಾಚಣಿಗೆಯ ತುಂಬ ಬರುತ್ತಿತ್ತು. ಓಣಿಯ ಹೆಂಗಸರು ನನ್ನ ಮೈ ನೋಡಿ ಸಂತೋಷಪಟ್ಟರು. “ಅಕ್ಕೋರ, ಗಂಡನ ಮನಿ ಅನ್ನ ಮೈಗೆ ಹತ್ತೇತಿ ನೋಡ್ರಿ” ಎಂದರು. ನನ್ನ ಧ್ವನಿ ಗಡಸಾಗಿ, ಕೇಳಿದವರು ಗಂಡಸು ಎಂದುಕೊಳ್ಳುವಂತಾಗಿತ್ತು. ಶಾಲೆಯ ತಪಾಸಣೆಗೆ ಬಂದ ಸಾಹೇಬರು ಅದನ್ನು ಕೇಳಿ, ತರಗತಿಯ ಶಿಸ್ತಿಗೆ ಇಂಥ ಕಂಠವೇ ಬೇಕು ಎಂದು ವರದಿಯಲ್ಲಿ ಬರೆದು ಹೋದರು. ಒಂದು ರೋಗಕ್ಕೆ ಇಷ್ಟು ಮೆಚ್ಚುಗೆ ಸಿಕ್ಕಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮೆಚ್ಚದೆ ಇದ್ದವರೆಂದರೆ ನಮ್ಮ ಅತ್ತೆ ಮಾತ್ರ. ಅವರು ಕೋಳಿಗಿಂತ ಮೊದಲು ಏಳುವವರು, ಮಧ್ಯಾಹ್ನ ಗೋಡೆಗೆ ಒರಗಿ ಕೂತದ್ದನ್ನೂ ಯಾರೂ ನೋಡಿರಲಿಲ್ಲ. ನಾನಾದರೋ ಶಾಲೆಯಿಂದ ಬಂದವಳೇ ಸೀರೆ ಸಹ ಬದಲಿಸದೆ ಮಲಗಿಬಿಡುತ್ತಿದ್ದೆ. ಒಲೆಯ ಮುಂದೆ ಹಿಟ್ಟು ನಾದುತ್ತಲೇ ತೂಕಡಿಸುತ್ತಿದ್ದೆ.

“ಹಿಟ್ಟಿನ್ಯಾಗ ಮಾರಿ ಇಟ್ಟು ಮಲಗಬ್ಯಾಡಬೇ, ರೊಟ್ಟಿಗೆ ಕಣ್ಣು ಮೂಗು ಮೂಡ್ತಾವು” ಎನ್ನುತ್ತಿದ್ದರು ಅತ್ತೆ.

ಔಷಧ ಮಾಡಿಸಲಿಲ್ಲವೆಂದಲ್ಲ. ಊರಿನ ಡಾಕ್ಟರು ನನ್ನ ಕೆಳರೆಪ್ಪೆ ಎಳೆದು ನೋಡಿ, ನಿಶ್ಶಕ್ತಿ ಎಂದು ತೀರ್ಮಾನಿಸಿ, ವಾರಕ್ಕೊಂದರಂತೆ ಕೆಂಪು ಸೂಜಿ ಮಾಡಿದರು. ಸೂಜಿಯಿಂದ ತೋಳು ನೋಯಿತೇ ಹೊರತು ನಿದ್ದೆ ಬಿಡಲಿಲ್ಲ. ನವಲಗುಂದದ ದವಾಖಾನೆಗೆ ಹೋದೆ. ಅಲ್ಲಿ ಬೆರಳ ತುದಿಯಿಂದ ಒಂದು ಹನಿ ತೆಗೆದು, “ರಕ್ತ ಕಡಿಮಿ ಐತ್ರಿ” ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಮೂರು ದಿನಕ್ಕೊಮ್ಮೆ ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದವಳು ಆ ಗುಳಿಗೆಯ ದಯೆಯಿಂದ ವಾರಕ್ಕೊಮ್ಮೆ ಹೋಗುವಂತಾದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಇನ್ನು ಮುಂದೆ ಬಾಯಿ ತೆರೆಯುವ ಹಾಗಿರಲಿಲ್ಲ. ಸುಸ್ತು ಎಂದರೆ ಸಾಕು, “ರಕ್ತಾ ಚೆಕ್ ಆಗೇತಲ್ಲ, ಮತ್ತೇನು?” ಎನ್ನುತ್ತಿದ್ದರು ನಮ್ಮ ಮನೆಯವರು.

ಹೀಗೆ ಒಂದು ವರ್ಷ ಕಳೆಯಿತು. ಕೈಗಳು ಜೋಮು ಹಿಡಿಯತೊಡಗಿದವು. ಒಂದು ಬೆಳಿಗ್ಗೆ ರೊಟ್ಟಿ ಬಡಿದು ಎತ್ತುವಾಗ ಬೆರಳಿಗೆ ಹಿಡಿತವೇ ಸಿಗದೆ ರೊಟ್ಟಿ ಹರಿದು ಒಲೆಯೊಳಗೆ ಬಿತ್ತು. ಅತ್ತೆಯ ಸಹನೆ ಅಲ್ಲಿಗೆ ಮುಗಿಯಿತು. ಮಗನನ್ನು ಕರೆದರು.

“ಇಕಿನ್ನ ಹುಬ್ಬಳ್ಳಿಗೆ ದೊಡ್ಡ ಡಾಕ್ಟರ ಕಡೆ ಕರಕೊಂಡ ಹೋಗೂಣು ನಡಿ. ಇಕಿಗೆ ಏನೂ ರೋಗಿಲ್ಲಂತ ಅವರ ಬಾಯಿಂದನ ಹೇಳಸ್ತೀನಿ. ಆಮ್ಯಾಲೆ ಹೆಂಗ ಮಲಗ್ತಾಳ ನೋಡತೀನಿ.”

ನನಗೆ ಸರಿಯಾದ ಪರೀಕ್ಷೆಯ ಭಾಗ್ಯ ಒದಗಿದ್ದು ಹೀಗೆ.

ಹುಬ್ಬಳ್ಳಿಯ ಡಾಕ್ಟರು ನಡುವಯಸ್ಸಿನ ಹೆಂಗಸು. ನಾನು “ನಮಸ್ಕಾರ್ರೀ” ಅಂದದ್ದಷ್ಟೇ, ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನನ್ನನ್ನು ನೋಡಿದರು. ಧ್ವನಿ ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿದರು. ಚಳಿ, ಮುಟ್ಟು, ಮಲ, ಕೂದಲು ಎಲ್ಲವನ್ನೂ ಒಂದೊಂದಾಗಿ ಕೇಳಿದರು. ವರ್ಷದಿಂದ ಯಾರೂ ಕೇಳದ ಪ್ರಶ್ನೆಗಳು. ನನಗೆ ಅಳು ಬಂತು. ಆಮೇಲೆ ಒಂದು ಸ್ಟೂಲಿನ ಮೇಲೆ ಮಂಡಿಯೂರಿ ಕೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಪುಟ್ಟ ಸುತ್ತಿಗೆಯಿಂದ ಬಡಿದರು. ಪಾದ ಜಗ್ಗಿತು, ಆದರೆ ಮೊದಲಿನ ಜಾಗಕ್ಕೆ ಮರಳಲು ಯೋಚನೆ ಮಾಡುತ್ತಿರುವಂತೆ ನಿಧಾನವಾಗಿ ಇಳಿಯಿತು.

ಅತ್ತೆಗೆ ಸಾಕ್ಷಿ ಸಿಕ್ಕಂತಾಯಿತು. “ನೋಡ್ರಿ ಬಾಯಾರ, ಇಕಿ ಕಾಲೂ ಆಳಸಿ!”

“ಹೌದ್ರಿ ಅಮ್ಮಾರ, ನಾನೂ ಅದನ್ನ ನೋಡಾಕತ್ತೀನಿ” ಎಂದರು ಡಾಕ್ಟರು. ನನ್ನ ಕುತ್ತಿಗೆಯ ಬುಡ ಮುಟ್ಟಿ, “ಇಲ್ಲೊಂದು ಸಣ್ಣ ಗ್ರಂಥಿ ಇರ್ತೈತಿ. ಥೈರಾಯ್ಡ್ ಅಂತಾರ. ಮೈಯೆಲ್ಲಾ ಚುರುಕ ಇಡೂ ರಸಾ ಅದರಿಂದನ ಬರ್ತೈತಿ. ಅದು ಕೆಲಸಾ ಬಿಟ್ಟಂಗ ಕಾಣ್ತೈತಿ. ಆಳಸಿ ಇಕಿ ಅಲ್ರಿ, ಅದು” ಎಂದರು.

ಅತ್ತೆ ಸೋಲುವವರಲ್ಲ. “ಅದೂ ಇಕಿದ ಅಲ್ಲೇನ್ರಿ?”

ಡಾಕ್ಟರು ನಕ್ಕುಬಿಟ್ಟರು. ಆದರೆ ಊಹೆಯ ಮೇಲೆ ಗುಳಿಗೆ ಬರೆಯಲು ಒಪ್ಪಲಿಲ್ಲ. ರಕ್ತದಲ್ಲಿ ಆ ರಸ ಎಷ್ಟಿದೆಯೆಂದು ಅಳೆಯಬೇಕು, ಆ ಸೌಕರ್ಯ ಇಲ್ಲಿಲ್ಲ, ಮುಂಬಯಿಗೆ ಕಳಿಸಬೇಕು ಎಂದರು. ಈ ಸಲ ತೋಳಿನ ನರದಿಂದ ಒಂದು ಕೊಳವೆಯ ತುಂಬ ರಕ್ತ ತೆಗೆದರು. ಬರ್ಫ ತುಂಬಿದ ಡಬ್ಬಿಯಲ್ಲಿ ಅದು ರೈಲು ಹತ್ತಿತು. ದಾರಿಯಲ್ಲಿ ಬರ್ಫ ಕರಗಿ ರಕ್ತ ಕೆಟ್ಟಿತೆಂದು ಮುಂಬಯಿಯಿಂದ ಸುದ್ದಿ ಬಂದು, ನಾವು ಮತ್ತೆ ಬಸ್ಸು ಹತ್ತಿ ಹೋಗಿ ಇನ್ನೊಂದು ಕೊಳವೆ ಕೊಟ್ಟು ಬಂದೆವು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಮುಂಬಯಿ ನೋಡಿರಲಿಲ್ಲ. ನನ್ನ ರಕ್ತ ಎರಡು ಸಲ ನೋಡಿತು.

ಮೂರು ವಾರದ ಮೇಲೆ ಕಾಗದ ಬಂತು. ಒಂದು ಅಂಕಿ ಇರಬೇಕಾದ್ದಕ್ಕಿಂತ ತೀರ ಕೆಳಗೆ, ಇನ್ನೊಂದು ತೀರ ಮೇಲೆ. ಡಾಕ್ಟರು ಹೇಳಿದ್ದೇ ಸರಿಯಾಗಿತ್ತು. ಅವರು ಬರೆದುಕೊಟ್ಟ ಗುಳಿಗೆ ನೋಡಿ ಅತ್ತೆಗೆ ನಿರಾಶೆಯಾಯಿತು. “ಅಷ್ಟ ದೊಡ್ಡ ಸೂಜಿಗೆ ಆಗ್ಲಾರದ್ದು ಇಷ್ಟ ಇಷ್ಟ ಗುಳಿಗೀಲೆ ಆಗ್ತೈತೇನು?” ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕು, ಅರ್ಧ ತಾಸು ಚಹಾ ಕುಡಿಯಬಾರದು. ಮೊದಲು ಅರ್ಧ ಗುಳಿಗೆ, ಆಮೇಲೆ ಒಂದು. ಎರಡು ತಿಂಗಳಿಗೆ ಮತ್ತೆ ರಕ್ತ. ನಂಬಿಕೆ ಇರದಿದ್ದರೂ ಅತ್ತೆ ಗುಳಿಗೆಯ ಬಾಟಲಿಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಗಡಿಯಾರ ನೋಡಲು ಬಾರದ ಅವರು ಬಾಗಿಲ ಬಿಸಿಲು ಹೊಸ್ತಿಲು ದಾಟುವವರೆಗೆ ನನ್ನ ಚಹಾ ತಡೆಯುತ್ತಿದ್ದರು.

ಮೊದಲ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಪಾಠ ಮಾಡುವಾಗ ಬೆನ್ನ ಮೇಲೆ ಏನೋ ಹರಿದಂತಾಯಿತು. ಹುಳುವೆಂದು ಕೈ ಹಾಕಿದರೆ ಬೆವರು. ವರ್ಷದ ಮೇಲೆ ಬೆವತಿದ್ದೆ. ಹತ್ತಿರಹತ್ತಿರ ಆರು ತಿಂಗಳಲ್ಲಿ ಮುಖದ ಊತ ಇಳಿಯಿತು, ಮೈ ಹಗುರಾಯಿತು. ಅದರ ಫಲವನ್ನು ಅತ್ತೆ ಅನುಭವಿಸಿದರು. ಓಣಿಯಲ್ಲಿ ಮಾತು ಹುಟ್ಟಿತು, “ಪಾಪ, ಅಕ್ಕೋರು ಎಷ್ಟ ಸೊರಗ್ಯಾರ, ಅತ್ತಿ ಹೊಟ್ಟಿಗೆ ಹಾಕೂದಿಲ್ಲ ಕಾಣ್ತೈತಿ.”

ಅತ್ತೆ ಕೆಂಡವಾದರು. ಅದೇ ಹೊತ್ತಿಗೆ ಊರಿನ ಡಾಕ್ಟರು, “ಗುಣಾ ಆತಲ್ರಿ, ಬಿಡ್ರಿ ಇನ್ನ, ಗುಳಿಗಿ ರೂಢಿ ಆಗ್ತಾವು” ಎಂದರು. ನನಗೂ ಬೇಸರವಾಗಿತ್ತು, ಬಿಟ್ಟೆ. ಓಣಿಯ ಮಾತಿಗೆ ಬೇಸತ್ತಿದ್ದ ಅತ್ತೆಯೂ ತಡೆಯಲಿಲ್ಲ. ಎರಡೂವರೆ ತಿಂಗಳಲ್ಲಿ ಹಳೆಯ ನಿದ್ದೆ ಮರಳಿತು. ನನಗಿಂತ ಮೊದಲು ಗುರುತಿಸಿದ್ದು ಅತ್ತೆ. ನನ್ನ ಮಾತು ಕೇಳಿಸಿಕೊಂಡು, “ಧ್ವನಿ ದಪ್ಪ ಆಗೇತಿ. ನಡಿ ಹುಬ್ಬಳ್ಳಿಗೆ” ಎಂದು ಹೊರಡಿಸಿಕೊಂಡು ಹೋದರು.

ಡಾಕ್ಟರು ನಮ್ಮಿಬ್ಬರಿಗೂ ಬೈದರು. ಈ ಗುಳಿಗೆ ಊಟದ ಹಾಗೆ, ಉಸಿರಿರುವ ತನಕ ತಗೊಳ್ಳಬೇಕು, ಇನ್ನೊಮ್ಮೆ ಬಿಟ್ಟರೆ ತಮ್ಮ ಕಡೆ ಬರಬಾರದು ಎಂದರು. ನಾನು ತಲೆತಗ್ಗಿಸಿ ಎದ್ದೆ. ಅತ್ತೆ ಏಳಲಿಲ್ಲ. ಸೆರಗು ಸರಿಪಡಿಸಿಕೊಂಡು, ನಾನು ಅದುವರೆಗೆ ಕೇಳದ ಸಣ್ಣ ಧ್ವನಿಯಲ್ಲಿ ಹೇಳಿದರು:

“ಬಾಯಾರ, ನನ್ನ ಕಾಲಿಗೂ ಒಂದೀಟ ಬಡದ ನೋಡ್ರಿ. ನನಗೂ ಭಾಳ ದಿನದಿಂದ ದಣಿವು. ಇಕಿ ಮದವಿಗಿಂತ ಮೊದಲಿನಿಂದ. ಯಾರ ಮುಂದೂ ಅಂದಿಲ್ರಿ.”

ಅವರ ರಕ್ತವೂ ಮುಂಬಯಿಗೆ ಹೋಯಿತು. ಗ್ರಂಥಿಯಲ್ಲಿ ಯಾವ ದೋಷವೂ ಇರಲಿಲ್ಲ. ಕಾಗದ ನೋಡಿ ಡಾಕ್ಟರು, “ನಿಮ್ಮದು ದುಡದ ದಣಿವು ಅಮ್ಮಾರ. ದಿನಾ ಮಧ್ಯಾಹ್ನ ಒಂದ ತಾಸು ಮಲಗ್ರಿ” ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಮರುದಿನ ಊಟವಾದ ಮೇಲೆ ಅತ್ತೆ ಪಡಸಾಲೆಯಲ್ಲಿ, ಓಣಿಗೆಲ್ಲ ಕಾಣುವ ಹಾಗೆ ಚಾಪೆ ಹಾಸಿದರು. ಆ ಚೀಟಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು.