ಲುವಾಳ ಕೈಗುಣ

ಕೆಂಪು ನದಿಯ ಬಯಲಿನಲ್ಲಿ ಲುವಾಳ ತವರೂರಿಗೆ ಇದ್ದಷ್ಟು ಜಂಬ ಯಾರಿಗೂ ಇರಲಿಲ್ಲ. ಭತ್ತದ ಗದ್ದೆಗೆ ಗೊಬ್ಬರವಾಗುವ ಅಜೋಲ್ಲಾ ಅವರ ಮುಷ್ಟಿಯಲ್ಲಿತ್ತಲ್ಲ! ಚಳಿಗಾಲದಲ್ಲಿ ನಿಂತ ನೀರಿಗೆ ಚೆಲ್ಲಿದರೆ ನೋಡುನೋಡುತ್ತಲೇ ಹಬ್ಬುವ ಪುಟ್ಟ ಜರೀಗಿಡ ಅದು. ಬೇಸಿಗೆ ಬಂತೋ, ಕೆಂಪಗಾಗಿ ಕೊಳೆಯುತ್ತದೆ. ಬೇಸಿಗೆ ದಾಟಿಸಿ ಬೀಜ ಉಳಿಸುವ ಗುಟ್ಟನ್ನು ಗಂಡುಮಕ್ಕಳಿಗೂ ಸೊಸೆಯರಿಗೂ ಮಾತ್ರ ಹೇಳುತ್ತಿದ್ದರು. ಹೆಣ್ಣುಮಕ್ಕಳಿಗಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ನೋಡಿ!

ಆದರೂ ಮದುವೆಯ ದಿನ ಅಪ್ಪ ಲುವಾಳ ಕೈಗೆ ಒಂದು ಬುಟ್ಟಿ ಅಜೋಲ್ಲಾ ಕೊಟ್ಟಿದ್ದ. ಊರ ಪದ್ಧತಿ. ಗಂಡನ ಮನೆಯ ಗದ್ದೆಗೆ ಅವಳೇ ಚೆಲ್ಲಿದಳು. ಹದವಾದ ಚಳಿಯಲ್ಲೇ ಅಷ್ಟೂ ಕಪ್ಪಾಗಿ ಸತ್ತಿತು.

"ಅಜೋಲ್ಲಾ ಊರಿನ ಹುಡುಗಿಯಂತೆ! ಎಂಥಾ ಕೈಗುಣ ನೋಡ್ರೇ!" ಎಂದು ಅತ್ತೆ ಕೇರಿಗೆಲ್ಲ ಕೇಳುವಂತೆ ಕೂಗಿದಳು.

ಅಂದಿನಿಂದ ಲುವಾ ಬಿತ್ತನೆಯ ಬೀಜ ಮುಟ್ಟುವಂತಿಲ್ಲ, ಬಾಣಂತಿಯ ಕೋಣೆಗೆ ಕಾಲಿಡುವಂತಿಲ್ಲ. ಅವಳ ಚೊಚ್ಚಲ ಕೂಸು ಸತ್ತಾಗಲೂ ಅದೇ ಮಾತು. ಪಾಪದವಳು, ನಂಬಿಯೂಬಿಟ್ಟಳು. ಮತ್ತೆ ಬಸುರಿಯಾದಾಗ, ಈ ಕೂಸನ್ನು ತನ್ನ ಕೈಗೆ ಕೊಡಬೇಡಿ ಎಂದು ತಾನೇ ಅತ್ತೆಗೆ ಹೇಳಿಟ್ಟಳು.

ತುಂಬು ಬಸುರಿನಲ್ಲೇ ತಂಗಿ ಮೋಳ ಮದುವೆಗೆ ತವರಿಗೆ ಬಂದಳು. ಅಡುಗೆಮನೆಯ ಹಿಂದೆ ಅತ್ತಿಗೆ ಥಾಮ್ ಮದುಮಗಳ ಅಜೋಲ್ಲಾ ಬುಟ್ಟಿಗೆ ಉಪ್ಪುನೀರು ಸುರಿಯುತ್ತಿದ್ದಳು.

"ಏನತ್ತಿಗೇ ಇದು?"

"ಇದು ಬದುಕಿದ್ರೆ ಗಂಡಿನ ಕಡೆಯವರೂ ಸಾಕೋದು ಕಲ್ತುಬಿಡ್ತಾರಲ್ಲ!" ಥಾಮ್ ನಕ್ಕಳು. "ನಿನ್ನ ಬುಟ್ಟಿಗೆ ನಿಮ್ಮಪ್ಪನೇ ಕೈಯಾರೆ ಸುರಿದಿದ್ರಂತೆ. ನಿಂಗೊತ್ತಿರ್ಲಿಲ್ವಾ?"

ಲುವಾ ಬುಟ್ಟಿ ಕಿತ್ತುಕೊಂಡು ಹೋಗಿ, ನೆಂಟರ ನಡುವೆ ಕುಳಿತಿದ್ದ ಅಪ್ಪನ ಮುಂದೆ ಕುಕ್ಕಿದಳು.

"ನನ್ನ ಬುಟ್ಟಿಗೂ ಉಪ್ಪುನೀರು ಹಾಕಿದ್ರಾ ಅಪ್ಪಾ?"

"ಮೆಲ್ಲಗೆ ಮಾತಾಡೇ, ಬೀಗರಿದ್ದಾರೆ. ಅದು ಊರ ಕಟ್ಟು."

"ನಿಮ್ಮ ಕಟ್ಟಿಗಿಷ್ಟು ಬೆಂಕಿ ಹಾಕ! ನನ್ನ ಕೂಸಿನ ಮಣ್ಣಿಗೆ ಬಂದಿದ್ರಲ್ಲ? ಕೈಗುಣ, ಕೈಗುಣ ಅಂತ ಎಲ್ರೂ ನನ್ನ ಹರಿದು ತಿನ್ನೋವಾಗ ಪಕ್ಕದಲ್ಲೇ ಕೂತಿದ್ರಲ್ಲ! ಆಗಲಾದ್ರೂ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಅಪ್ಪ ಬೀಗರ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸತೊಡಗಿದ.

ಲುವಾ ಸೀದಾ ಊರವರು ಬೀಜದ ಅಜೋಲ್ಲಾ ಸಾಕುವ ಕೊಳಕ್ಕಿಳಿದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಬುಟ್ಟಿ ತೊಳೆದು, ಹಸಿರು ಅಜೋಲ್ಲಾ ಬೊಗಸೆ ಬೊಗಸೆ ತುಂಬಿ ಮೋಳ ಕೈಗಿಟ್ಟಳು.

"ಬೇಸಿಗೇಲಿ ಇದು ಸಾಯುತ್ತೆ ಕಣೇ. ಬಿಸಿಲಿಗೆ ಸಾಯುತ್ತೆ, ನಿನ್ನ ಕೈಯಿಂದಲ್ಲ. ನಿಮ್ಮತ್ತೆ ಇಲ್ಲೇ ಇದ್ದಾರೆ, ಈಗಲೇ ಹೇಳಿಬಿಡು."

ಮುಂದಿನ ತಿಂಗಳು ಲುವಾ ಹೆಣ್ಣು ಹೆತ್ತಳು. ಮೊದಲೇ ಮಾತಾಗಿದ್ದಂತೆ ಅತ್ತೆ ಕೂಸನ್ನೆತ್ತಿಕೊಂಡು ಬಾಗಿಲ ಕಡೆ ನಡೆದಳು.

"ಎಲ್ಲಿಗೆ? ಕೊಡಿ ಇಲ್ಲಿ," ಎಂದು ಲುವಾ ಎರಡೂ ಕೈ ಚಾಚಿದಳು.